ಎಣ್ಣೆ ಬಿಟ್ಟುಹೋದ ಚೀಟಿ

ಶಿರಾ, ೧೩-೧೧-೧೯೬೧, ಸೋಮವಾರ.

ತಪ್ಪು ನನ್ನದು, ಇನ್ನೂ ಹೇಳಿಲ್ಲ.

ಪತ್ನಿ ಪುಟ್ಟತಾಯಿಯ ಹಲ್ಲುನೋವಿಗೆಂದು ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯ ಹಬೀಬ್ ಸಾಬರು ಓಮದ ಹೂವು ಕೊಟ್ಟರು. ಹೆಸರಿಗೆ ಹೂವು, ಓಮದಿಂದ ತೆಗೆದ ಬಿಳಿಯ ಹರಳು. ಕರ್ಪೂರದೊಡನೆ ಶೀಸೆಗೆ ಹಾಕಿದರೆ ನೀರಿಲ್ಲದೆಯೇ ಎರಡೂ ಕರಗಿ ದ್ರವವಾಗುತ್ತವೆ; ಹಾಗೆ ಬೆರೆಸಿಯೇ ಕೊಟ್ಟರು.

"ಬೆಂಕಿ ಇದು ಮೇಷ್ಟ್ರೇ. ಒಂದು ಚಮಚ ಎಳ್ಳೆಣ್ಣೆಗೆ ಒಂದೇ ತೊಟ್ಟು ಬುಡಿ, ಹತ್ತೀಲಿ ಹಚ್ಚಿ," ಎಂದಿದ್ದರು.

ಆ ಮಾತನ್ನು ಶುದ್ಧ ಕನ್ನಡಕ್ಕೆ ತಿದ್ದಿ ಚೀಟಿಯಲ್ಲಿ ಬರೆದುಕೊಂಡೆ: ‘ಹತ್ತಿಯಿಂದ ಒಂದು ತೊಟ್ಟನ್ನು ಲೇಪಿಸತಕ್ಕದ್ದು.’ ಮನೆಯಲ್ಲಿ ಚೀಟಿ ನೋಡಿಯೇ ಹಚ್ಚಿದೆ. ವಾಕ್ಯ ನಿರ್ದುಷ್ಟವಾಗಿದೆ; ಎಣ್ಣೆಯೇ ಇಲ್ಲ. ಅವಳ ಒಸಡು ಬೆಂದು ಬೆಳ್ಳಗಾಗಿದೆ.

"ಆ ಸಾಬ್ರು ಎಂಥದು ಕೊಟ್ಬುಟ್ರು ನಿಮ್ಗೆ? ಬೆಳಗಾಗ್ಲಿ, ಅಂಗ್ಡಿ ಮುಂದೆ ನಿಂತು ನಾಲ್ಕು ಜನದ ಎದುರಿಗೇ ಕೇಳ್ತೀನಿ," ಎಂದಳು.

ನಾನು ಹೌದೆಂಬಂತೆ ತಲೆಯಾಡಿಸಿದೆ. ಏಕೆ ಆಡಿಸಿದೆನೋ ತಿಳಿಯದು.

ಮಲಗಿದವನು ಮತ್ತೆ ಮತ್ತೆ ಎದ್ದು ಕುಳಿತಿದ್ದೇನೆ. ಬೆರಳಿನಿಂದ ಓಮದ ವಾಸನೆ ಹೋಗುತ್ತಿಲ್ಲ. ಗೋಡೆಯಾಚೆ ಅವಳು ಉಪ್ಪುನೀರು ಮುಕ್ಕಳಿಸುತ್ತಿದ್ದಾಳೆ. ಚೀಟಿಯಲ್ಲಿ ಬಿಟ್ಟದ್ದನ್ನು ಈಗ ಕೆಂಪು ಶಾಯಿಯಲ್ಲಿ ಸೇರಿಸಿದೆ. ಅವಳ ಕೈಗೇ ಕೊಡಬೇಕು. ಅವಳಿಗೆ ಓದಲು ಕಲಿಸಿದವನೂ ನಾನೇ.

ಮುಕ್ಕಳಿಸುವ ಸದ್ದು ನಿಂತಿತು. ಏಳಬೇಕು, ಈಗಲೇ ಹೋಗಿ—