ಗಂಟೆಯವಳ ಕೂದಲು

ಗುರುವಾರ, ಮಾರ್ಚ್ ೧೪
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಧೈರ್ಯವಿಲ್ಲದೆ ಇಷ್ಟು ದಿನ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು, ಅಂಚೆ ಕಚೇರಿ ಮುಚ್ಚಿತ್ತು ಎಂದೆಲ್ಲ ಬರೆಯಬಹುದಿತ್ತು. ಎರಡೂ ಸುಳ್ಳಾಗುತ್ತಿದ್ದವು. ನಿನ್ನ ಪತ್ರ ಬಂದ ದಿನ ನೀರಿನ ತೊಟ್ಟಿಯ ಪಕ್ಕ ನಿಂತು ಓದಿದೆ, ಮಡಚಿ ಜೇಬಿಗೆ ಹಾಕಿಕೊಂಡೆ, ಒಳಗೆ ಬಂದು ಒಬ್ಬ ಗಿರಾಕಿಯ ಕಿವಿಯ ಹಿಂದೆ ಗಾಯ ಮಾಡಿದೆ. ಅವತ್ತಿನಿಂದ ಅಪ್ಪ ನನ್ನ ಕೈಗೆ ಕ್ಷೌರದ ಕತ್ತಿ ಕೊಟ್ಟಿಲ್ಲ. ಗುಡಿಸುವುದು, ಟವೆಲ್ ಒಗೆಯುವುದು, ನೊರೆ ಹಚ್ಚುವುದು, ಅಷ್ಟೇ ನನ್ನ ಪಾಲಿಗೆ.

ಹೌದು, ಮತ್ತೆ ಅಪ್ಪನ ಅಂಗಡಿಗೇ ಬಂದು ಬಿದ್ದಿದ್ದೇನೆ. ಬೇಕರಿಯ ಕೆಲಸ ಹೋಯಿತು. ಬನ್ನು ಇವತ್ತಿನದಾ ಎಂದು ಕೇಳಿದವರಿಗೆಲ್ಲ ನಿನ್ನೆಯದು ಎಂದು ಹೇಳುತ್ತಿದ್ದೆ. ಮಾಲೀಕ ಕೈ ಮುಗಿದು, "ನೀನು ಮನೇಲೇ ಇರಪ್ಪ, ನಿನ್ನ ನಿಜ ನಮ್ಮ ಅಂಗಡಿಗೆ ಆಗಿ ಬರಲ್ಲ" ಅಂದ. ಶಾಲೆ ಬಿಟ್ಟವನಿಗೆ ಬೇಕರಿ ಬಿಡುವುದು ಯಾವ ದೊಡ್ಡ ವಿಷಯ ಹೇಳು.

ಅಕ್ಕಾ, ಕಾಯಿಲೆಯ ಬಗ್ಗೆ ನೀನು ಬರೆದದ್ದು ನಾಲ್ಕೇ ಸಾಲು. ರಕ್ತದ ಕಾಯಿಲೆ, ಈ ತಿಂಗಳ ಕೊನೆಗೆ ಆಸ್ಪತ್ರೆಗೆ ಸೇರಬೇಕು, ಔಷಧಿಗೆ ಕೂದಲೆಲ್ಲ ಉದುರುತ್ತದೆ, ಉಳಿಯುವುದು ಅರ್ಧಕ್ಕರ್ಧ ಎಂದು ಡಾಕ್ಟರ್ ಹೇಳಿದ್ದಾರೆ. ಕೆಳಗೆ ಅಡ್ಡಗೆರೆ ಎಳೆದು, "ಅಪ್ಪನಿಗೆ ಹೇಳಬೇಡ" ಎಂದು ಬರೆದಿದ್ದೀಯ. ಉಳಿದ ಎರಡು ಪುಟ ಪೂರ್ತಿ ನಿನ್ನ ಕಾದಂಬರಿಯ ಗಂಟೆಯವಳ ವಿಚಾರ! ಓದಿ ನಗು ಬಂತು, ಆಮೇಲೆ ನಗು ನಿಲ್ಲಿಸಲು ಆಗಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ನೀನು ಮೂರು ಪ್ರಶ್ನೆ ಕೇಳಿದ್ದೀಯ. ಗಂಟೆಯವಳು ಬದುಕುತ್ತಾಳಾ ಎನ್ನುವುದು ಮೊದಲನೆಯದು. ಕೂದಲು ತಾನಾಗಿ ಉದುರುವ ಮೊದಲೇ ತೆಗೆಸಿಬಿಡಬೇಕು, ಭಾವನಿಗೆ ಮಷಿನ್ ಹಿಡಿಯಲು ಹೇಗೆ ಹೇಳಿಕೊಡಲಿ ಎನ್ನುವುದು ಎರಡನೆಯದು. ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ಇಷ್ಟು ದಿನ ಬರೆದಿರಲಿಲ್ಲ. ನೀನು ಬಿಟ್ಟುಹೋದ 'ಕಂಚಿನ ಕೋಟೆ'ಯ ಐದು ಸಂಪುಟಗಳನ್ನೂ ಅಪ್ಪ ಮುಗಿಸಿದ್ದಾರೆ. ನೀನು ಹೋದ ಮೊದಲ ವರ್ಷ ಆ ಪುಸ್ತಕದ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ. ಆಮೇಲೊಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ನೊಣ ಹೊಡೆಯುತ್ತಾ ಕೂತಿದ್ದಾಗ ನಾನು ಮೊದಲ ಪುಸ್ತಕ ತೆಗೆದೆ. "ಏನದು, ಇಟ್ಟಿಗೆ ಥರ?" ಅಂದರು. ಕಥೆ ಅಂದೆ. "ಜೋರಾಗಿ ಓದು, ಹೇಗಿದ್ರೂ ಕೈ ಖಾಲಿ ಇದೆ" ಅಂದರು. ಕೋಟೆಯ ಗೋಡೆಯ ಮೇಲೆ ಗಂಟೆ ಕಾಯುವ ಆ ಹುಡುಗಿ ಬಂದದ್ದೇ ತಡ, ಕನ್ನಡಿ ಒರೆಸುತ್ತಿದ್ದ ಕೈ ನಿಂತಿತು. ಅವಳು ದೊರೆಗೆ ಎದುರು ಮಾತಾಡಿ ಗೋಡೆಯಿಂದ ಇಳಿದು ಹೋದಾಗ, "ಸೊಕ್ಕು, ಸೊಕ್ಕು" ಎಂದು ಬೈದರು. ಬೈದುಬಿಟ್ಟು, "ಮುಂದೆ ಓದು" ಅಂದರು. ಮೊದಲ ಹಾಳೆಯಲ್ಲಿ ನಿನ್ನ ಅಕ್ಷರದಲ್ಲಿ ನಿನ್ನ ಹೆಸರಿದೆ. ಅಪ್ಪ ಅದನ್ನು ನೋಡಿದ್ದಾರೆ.

ಈಗ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಕೊನೆಯ ಸಂಪುಟ ಬರಲು ಇನ್ನೂ ಒಂದು ತಿಂಗಳಿದೆ, ಹೊದಿಕೆಯ ಚಿತ್ರ ಮಾತ್ರ ಪತ್ರಿಕೆಯಲ್ಲಿ ಬಂದಿದೆ. ನೀನೂ ನೋಡಿರುತ್ತೀಯ. ಗೋಡೆಯ ಮೇಲೆ ನಮಗೆ ಬೆನ್ನು ಹಾಕಿ ನಿಂತ ಹೆಂಗಸು, ಕತ್ತು ಮುಚ್ಚುವಷ್ಟು ಕೂದಲು. ಅಪ್ಪ ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಾರೆ. ಐದನೆಯದರ ಕೊನೆಗೆ ವೈರಿಗಳು ಅವಳ ತಲೆ ಬೋಳಿಸಿ ಒಣಬಾವಿಗೆ ದೂಡಿದರಲ್ಲ, ಅಪ್ಪನ ವಾದವೆಲ್ಲ ಅಲ್ಲಿಂದ ಶುರು.

ಮೊನ್ನೆಯ ಮಾತುಕತೆ ಹೇಳುತ್ತೇನೆ ಕೇಳು. ಕುರ್ಚಿಯಲ್ಲಿ ಬಸ್ ಡ್ರೈವರ್, ಮುಖದ ತುಂಬ ನೊರೆ. ಬೆಂಚಿನ ಮೇಲೆ ನನಗೆ ಲೆಕ್ಕ ಕಲಿಸಲು ಹೋಗಿ ಸೋತ ಮೇಷ್ಟ್ರು.

"ಕತ್ತಿ ಹಾಕಿದ ತಲೆ ಮೇಷ್ಟ್ರೇ ಅದು" ಅಂದರು ಅಪ್ಪ. "ಕತ್ತಿನವರೆಗೆ ಬರೋಕೆ ವರ್ಷದ ಮೇಲೆ ಬೇಕು. ಸತ್ತವಳ ಕೂದಲು ಬೆಳೆಯುತ್ತಾ? ಅವಳು ಬದುಕಿದ್ದಾಳೆ."

"ಅದು ಹಳೇ ಕಾಲದ ಚಿತ್ರ ಇರಬಹುದಲ್ಲಯ್ಯ. ನೆನಪು ಮಾಡ್ಕೊಂಡ ಹಾಗೆ."

"ಹಳೇ ಕಾಲದಲ್ಲಿ ಸೊಂಟದವರೆಗೆ ಜಡೆ ಇತ್ತು. ಎಲ್ಲಿ ಜಡೆ? ತೋರಿಸಿ."

ಡ್ರೈವರ್ ನೊರೆಯೊಳಗಿಂದಲೇ, "ಅಣ್ಣಾ, ಮೊದಲು ನನ್ನ ಈ ಕಡೆ ಗಲ್ಲ ಮುಗಿಸಿ. ಆಮೇಲೆ ಅವಳನ್ನ ಬಾವಿಯಿಂದ ಎತ್ತಿ" ಅಂದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಅವನೇ, "ಅಲ್ಲ, ಅದು ಅವಳೇ ಅಂತ ಏನು ಗ್ಯಾರಂಟಿ? ಬೆನ್ನು ತಾನೇ ಕಾಣೋದು" ಅಂದ.

"ಮೂವತ್ತು ವರ್ಷದಿಂದ ಜನರ ಬೆನ್ನು, ಹಿಂದಲೆ ನೋಡ್ಕೊಂಡೇ ಬದುಕಿರೋನು ನಾನು" ಅಂದರು ಅಪ್ಪ. ಆದರೆ ದನಿ ಇಳಿದಿತ್ತು. ಅವನು ಎದ್ದು ಹೋದ ಮೇಲೆ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಕೂದಲು ಹೌದು. ಯಾರ ಕೂದಲು ಎಂದು ಹೇಳಲು ಬರುವುದಿಲ್ಲ.

ನನಗೇನನ್ನಿಸುತ್ತದೆ ಎಂದು ಕೇಳಿದ್ದೀಯ. ಕೇಳಬಾರದಿತ್ತು, ಕೇಳಿದ್ದೀಯ, ಹೇಳುತ್ತೇನೆ. ಬರೆದವನು ಅವಳನ್ನು ಉಳಿಸುವುದಿಲ್ಲ ಎಂದೇ ನನ್ನ ಅನುಮಾನ. ಬಾವಿಗೆ ಹೋಗುವ ಮೊದಲು ಅವಳು ಗಂಟೆಯ ಹಗ್ಗವನ್ನು ತಮ್ಮನ ಕೈಗೆ ಕೊಟ್ಟಳಲ್ಲ, ಅದೇ ನನ್ನನ್ನು ತಿನ್ನುತ್ತಿದೆ. ವಾಪಸ್ ಬರುವವರು ಹಗ್ಗ ಕೊಟ್ಟು ಹೋಗುವುದಿಲ್ಲ. ಆ ತಮ್ಮ ಒಬ್ಬ ದಡ್ಡ, ಸುಮ್ಮನೆ ತೆಗೆದುಕೊಂಡ. ನೀನೂ ನಿನ್ನ ಪತ್ರದಲ್ಲಿ, "ಪುಸ್ತಕಗಳೆಲ್ಲ ಇನ್ನು ನಿನ್ನವೇ" ಎಂದು ಬರೆದಿದ್ದೀಯ. ನನಗೆ ಬೇಡ. ಅವು ನಿನ್ನವು. ಕೊನೆಯ ಸಂಪುಟವೂ ನಿನ್ನ ಹೆಸರಿಗೇ ಬರಲಿ ಎಂದು ಪುಸ್ತಕದ ಅಂಗಡಿಯಲ್ಲಿ ಹೇಳಿದ್ದೇನೆ. ನೀನು ಓದುವವರೆಗೆ ನಾನು ತೆರೆಯುವುದಿಲ್ಲ.

ನನ್ನ ಅನುಮಾನಕ್ಕೆ ನೀನು ಬೆಲೆ ಕೊಡಬೇಡ. ಪರೀಕ್ಷೆಯಲ್ಲಿ ನಾನು ಬರೆದ ಉತ್ತರಗಳು ಎಷ್ಟು ಸರಿ ಇರುತ್ತಿದ್ದವು ಎಂದು ಮೇಷ್ಟ್ರನ್ನು ಕೇಳು.

ಈಗ ಎರಡನೆಯದು. ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಅಪ್ಪನಿಗೆ ನಾನಾಗಿ ಹೇಳುವುದಿಲ್ಲ, ನೇರವಾಗಿ ಕೇಳಿದರೆ ಸುಳ್ಳೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದೆ. ಆದರೆ ಮಷಿನ್ ವಿಚಾರ ತಪ್ಪು ಹೇಳಿಕೊಟ್ಟರೆ ಗಾಯವಾಗುತ್ತದೆ, ನಿನಗೀಗ ಗಾಯವಾಗಬಾರದು. ಅದಕ್ಕೇ ನೆಲ ಗುಡಿಸುತ್ತಾ, ಸುಮ್ಮನೆ ಕೇಳಿದ ಹಾಗೆ ಕೇಳಿದೆ: "ಅಪ್ಪಾ, ಔಷಧಿ ತಗೊಳ್ಳೋರ ತಲೆ ಬೋಳಿಸೋದಾದ್ರೆ ಕತ್ತಿ ಹಾಕಬಹುದಾ?"

"ಕತ್ತಿ ಮುಟ್ಟಿಸಬಾರದು. ಮಷಿನ್. ಅದೂ ಚರ್ಮಕ್ಕೆ ಒತ್ತಬಾರದು. ಮೊದಲು ಕತ್ತರೀಲಿ ಗಿಡ್ಡ ಮಾಡ್ಕೋಬೇಕು."

ಅಲ್ಲಿಗೆ ನಿಲ್ಲಿಸಬೇಕಿತ್ತು. ನೀನು ಕೇಳಿದ್ದನ್ನು ಪೂರ್ತಿ ಕೇಳುವ ಆತುರದಲ್ಲಿ, "ಎರಡು ಸುಳಿ ಇರೋ ತಲೆ ಆದ್ರೆ? ಯಾವ ಕಡೆಯಿಂದ ಹಿಡೀಬೇಕು?" ಅಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಬೇರೆಯವರು ಮುಖ ನೆನಪಿಟ್ಟುಕೊಂಡರೆ ಅಪ್ಪ ತಲೆ ನೆನಪಿಟ್ಟುಕೊಳ್ಳುವವರು. ನೀನು ಚಿಕ್ಕವಳಾಗಿದ್ದಾಗ ಇದೇ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿ, ಆ ಎರಡು ಸುಳಿಯ ನಡುವೆ ನಿಲ್ಲುವ ಮೊಂಡು ಕೂದಲಿಗೆ ನೀರು ಹಚ್ಚಿ ಹಚ್ಚಿ ಸಾಕಾಗಿ, "ಈ ತಲೆ ಯಾರ ಮಾತೂ ಕೇಳಲ್ಲ" ಅನ್ನುತ್ತಿದ್ದರಂತಲ್ಲ, ಅಮ್ಮ ಹೇಳುತ್ತಿದ್ದಳು.

ಅಪ್ಪ ಯಾರ ತಲೆ ಎಂದು ಕೇಳಲಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಒಂದೊಂದಾಗಿ ತೆಗೆದರು. ಕೇಳಲಿ, ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದು ಪೊರಕೆ ಹಿಡಿದು ಕಾದೆ. ಕೇಳಲಿಲ್ಲ. ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳತೊಡಗಿದರು. ಅದನ್ನು ಇದ್ದಹಾಗೆ ಬರೆಯುತ್ತೇನೆ, ಭಾವನಿಗೆ ಓದಿ ಹೇಳು.

"ಕತ್ತಿನಿಂದ ಮೇಲಕ್ಕೆ ಬರಬೇಕು. ಬಲಗಡೆ ಸುಳಿ ಹತ್ತಿರ ಬಂದಾಗ ಕೈ ತಿರುಗಿಸ್ಬೇಕು. ಎರಡರ ನಡುವೆ ಕೂದಲು ಜಗಳ ಆಡುತ್ತೆ, ಅಲ್ಲಿ ಅವಸರ ಮಾಡಬಾರದು. ಎಡಕಿವಿ ಮೇಲೆ ಒಂದು ಮಚ್ಚೆ ಇದೆ, ಉಬ್ಬಿದೆ, ಮಷಿನ್ ಹಲ್ಲು ತಾಗುತ್ತೆ. ಬೆರಳಿಟ್ಟು ಮುಚ್ಕೋಬೇಕು. ಮುಗಿದ ಮೇಲೆ ಕನ್ನಡಿ ಎದುರಿಗೆ ತಕ್ಷಣ ನಿಲ್ಲಿಸಬಾರದು. ತಲೆಗೆ ತಣ್ಣಗಾಗುತ್ತೆ. ಒಂದು ಬಟ್ಟೆ ಸುತ್ತಬೇಕು."

ಬಾಚಣಿಗೆಯನ್ನು ಜಾಗಕ್ಕಿಡುತ್ತಾ, "ಆಮೇಲೆ ಬರೋ ಕೂದಲು ಎಳೇ ಮಗು ಕೂದಲಿನ ಹಾಗಿರುತ್ತೆ. ಬರುತ್ತೆ" ಅಂದರು. ಮತ್ತೆ, "ಬರುತ್ತೆ" ಅಂದರು. ನನ್ನನ್ನು ನೋಡಲಿಲ್ಲ.

ಮಚ್ಚೆ ಇರುವುದು ನನಗೇ ಗೊತ್ತಿರಲಿಲ್ಲ, ಅಕ್ಕಾ.

ಇವತ್ತು ನಾನು ಬರೆಯಲು ಕೂತದ್ದನ್ನು ನೋಡಿ ಅಪ್ಪ ತಮ್ಮ ಹಳೆಯ ಮಷಿನನ್ನು ಬಿಚ್ಚಿ, ಹಲ್ಲು ತೊಳೆದು, ಎಣ್ಣೆ ಹಾಕಿ ನನ್ನ ಪಕ್ಕ ತಂದಿಟ್ಟರು. "ಪಾರ್ಸಲ್ ಮಾಡೋದಾದ್ರೆ ಹಲ್ಲಿಗೆ ರಟ್ಟು ಕಟ್ಟು. ಮುರಿದ್ರೆ ಸಿಗಲ್ಲ." ಒಂದೇ ಅಂಗಡಿಯಲ್ಲಿ ಇಬ್ಬರು ಗಂಡಸರು, ಒಬ್ಬ ಸುಳ್ಳು ಹೇಳಲಾರ, ಇನ್ನೊಬ್ಬ ಕೇಳಲಾರ. ಹೀಗೆ ನಡೆಯುತ್ತಿದೆ ನಮ್ಮ ಸಂಸಾರ.

ನಾನು ಬರಲಾ? ಬಂದರೆ ಏನು ಮಾಡುತ್ತೇನೆ ಎಂದು ನನಗೂ ಗೊತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಾ ನರ್ಸ್ ಹತ್ತಿರ ಬೈಸಿಕೊಳ್ಳುವುದು ಮಾತ್ರ ಖಂಡಿತ ಮಾಡಬಲ್ಲೆ. ಒಂದು ಸಾಲು ಬರಿ, ಮರುದಿನ ಅಲ್ಲಿರುತ್ತೇನೆ.

ಚಿಕ್ಕವರು ದೊಡ್ಡವರಿಗೆ ಆಶೀರ್ವಾದ ಮಾಡುವ ಕ್ರಮ ಎಲ್ಲೂ ಇಲ್ಲ. ಇಲ್ಲದಿದ್ದರೆ ಇಲ್ಲ. ನಾನು ಮಾಡುತ್ತೇನೆ. ಬದುಕಿರು ಅಕ್ಕಾ. ನಿನ್ನ ತಲೆ ಯಾರ ಮಾತನ್ನೂ ಕೇಳುವುದಿಲ್ಲವಂತೆ, ಡಾಕ್ಟರ ಅರ್ಧಕ್ಕರ್ಧವನ್ನೂ ಕೇಳದಿರಲಿ. ಭಾವನಿಗೆ ನನ್ನ ನಮಸ್ಕಾರ.

ನಿನ್ನ,
ಪುಟ್ಟ

ಮರೆತದ್ದು: ಮರೆತಿಲ್ಲ, ಬರೆಯಲಾಗದೆ ಬಿಟ್ಟಿದ್ದೆ. ನಿನ್ನ ಮೂರನೆಯ ಪ್ರಶ್ನೆ. ಅಂಗಡಿಗಳ ಬೋರ್ಡು ಬರೆಯುವವನನ್ನು ಮದುವೆಯಾಗುತ್ತೇನೆ ಎಂದು ನೀನು ಚೀಲ ಹಿಡಿದು ಹೊರಟ ದಿನ ಅಪ್ಪ, "ಇವತ್ತಿಗೆ ನನ್ನ ಪಾಲಿಗೆ ನೀನು ಸತ್ತೆ" ಅಂದರಲ್ಲ, ಅದು ಸಿಟ್ಟಿನಲ್ಲಿ ಬಂದ ಮಾತಾ, ನಿಜವಾಗಿ ಅಂದದ್ದಾ ಎಂದು ಕೇಳಿದ್ದೀಯ. ನೀನು ಆಗಲೇ ತಿರುಗಿದ್ದೆ, ಅವರ ಮುಖ ನೋಡಿದವನು ನಾನೊಬ್ಬನೇ. ಸಿಟ್ಟಿನಲ್ಲಿ ಅಂದದ್ದು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಆಗಲಿಲ್ಲ. ಅವತ್ತು ಅಪ್ಪ ನಿಜವಾಗಿಯೇ ಅಂದರು.

ಇವತ್ತು ಬೆಳಿಗ್ಗೆ ನಡೆದದ್ದನ್ನೂ ಹೇಳುತ್ತೇನೆ, ಅದೂ ನಿಜವೇ. ಮೇಷ್ಟ್ರು ಚಿತ್ರ ನೋಡುತ್ತಾ, "ಬರೆದವನು ಅವಳನ್ನ ಸಾಯಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ರೆ ನಿನ್ನ ಕೂದಲಿನ ಲೆಕ್ಕ ಏನು ಮಾಡುತ್ತಯ್ಯ?" ಅಂದರು. ಮೇಷ್ಟ್ರು ಛತ್ರಿ ತೆಗೆದುಕೊಂಡು ಬಾಗಿಲ ಹತ್ತಿರ ಹೋದ ಮೇಲೆ ಅಪ್ಪ ಕೇಳಿದರು: "ಒಂದು ಸಲ ಅಂದದ್ದನ್ನ ಅವನು ಅಳಿಸೋಕೆ ಆಗಲ್ವಾ ಮೇಷ್ಟ್ರೇ? ಯಾರಾದರೂ ಹೋಗಿ ಕೇಳ್ಕೊಂಡ್ರೆ?"

ಮೇಷ್ಟ್ರು ನಕ್ಕು ಹೋದರು. ಅಪ್ಪ ಗೂಟದಿಂದ ಬಟ್ಟೆ ತೆಗೆದು ಕೊಡವಿದರು, ಕುರ್ಚಿಗೆ ಹೊದಿಸಿ ಕತ್ತಿನ ಹತ್ತಿರ ಮೆಲ್ಲಗೆ ಮಡಚಿದರು, ಹಿಂದೆ ಹೋಗಿ ನಿಂತರು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.