ಸಂಕ್ರಾಂತಿಯ ಹೊಸ ಬಟಾಟಿ

ಜಮಖಂಡಿ
ಶನಿವಾರ, ೧೮ ಜನವರಿ ೨೦೨೫

ಪ್ರೀತಿಯ ತಂಗಿ ತ್ರಿಶಲಾ,

ಜೈ ಜಿನೇಂದ್ರ. ನಿನ್ನ ಮೊಣಕಾಲು ಈಗ ಹೇಗಿದೆ? ಇಚಲಕರಂಜಿಯಲ್ಲಿಯೂ ಇಲ್ಲಿನಷ್ಟೇ ಚಳಿ ಇದ್ದರೆ ಬೆಳಿಗ್ಗೆ ಬಸದಿಗೆ ಬರಿಗಾಲಲ್ಲಿ ನಡೆಯುವ ಹಟ ಬಿಡು. ಬಿಸಿಲು ಕಟ್ಟೆಗೆ ಬಂದ ಮೇಲೆ ಹೋದರೂ ಭಗವಂತ ಅಲ್ಲೇ ಇರುತ್ತಾನೆ. ನಾವು ಕ್ಷೇಮ. ನಮ್ಮ ಮನೆಯಾಕೆ, ನಿನ್ನ ವೈನಿ ಸುಮನಳ ಕೆಮ್ಮು ಕಡಿಮೆಯಾಗಿದೆ, ನನ್ನ ಮೇಲಿನ ರೇಗಾಟ ಆಗಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಮನೆಯ ಮುಂದೆ ಹೋಗುತ್ತಿವೆ. ಸಂಜೆ ಗಾಳಿ ಬೀಸಿದರೆ ಎಲ್ಲಿಂದಲೋ ಬೆಲ್ಲದ ವಾಸನೆ ಬರುತ್ತದೆ. ಆಗ ಕೈಯಲ್ಲಿದ್ದ ಪುಸ್ತಕ ಮಡಿಲಿಗೆ ಜಾರುತ್ತದೆ, ನಾನು ನಾವು ಹುಟ್ಟಿ ಬೆಳೆದ ಗಲಗಲಿಯ ಹೊಳೆದಂಡೆಯಲ್ಲಿರುತ್ತೇನೆ. ಇದೆಲ್ಲವನ್ನೂ ಫೋನಿನಲ್ಲೇ ಹೇಳಬಹುದಿತ್ತು ಎನ್ನಬೇಡ. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ನನಗೆ ಸರಿಯಾಗಿ ಸಿಟ್ಟಾಗಲು ಬರುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲು ನಿನ್ನ ಕಾಗದ ಬಂತು. ಫಾಲ್ಗುಣದ ನಂದೀಶ್ವರ ಪರ್ವದಲ್ಲಿ ನಿಯಮ ತೆಗೆದುಕೊಳ್ಳುತ್ತೇನೆ, ಬಟಾಟಿ, ಉಳ್ಳಾಗಡ್ಡಿ, ಗಜ್ಜರಿ ಏನೇ ಆಗಲಿ ನೆಲದೊಳಗೆ ಬೆಳೆದದ್ದನ್ನು ಜನ್ಮಪರ್ಯಂತ ಮುಟ್ಟುವುದಿಲ್ಲ, ನನ್ನ ಕೈಯಾರೆ ಮಡಿಯಲ್ಲಿ ಮಾಡಿಕೊಂಡದ್ದನ್ನು ಬಿಟ್ಟು ಬೇರೆಯವರ ಮನೆಯ ಅನ್ನ ನೀರು ಇಲ್ಲ ಎಂದು ನೀನು ಬರೆದಿದ್ದೆ. ಓದಿ ಕನ್ನಡಕ ತೆಗೆದಿಟ್ಟೆ. ಅದರ ಕೆಳಗೆ ನೀನು ಹಗುರಾಗಿ ಕೇಳಿದ್ದೆ: “ಅಣ್ಣಾ, ಹೊಸಾ ಬಟಾಟಿ ಇನ್ನೂ ಹಂಗ ರುಚಿ ಅದಾವೇನು? ಇಲ್ಲಿ ತಂದದ್ದು ಸಪ್ಪಗ ಹತ್ತತಾವ. ಬಿಡೂದಾದ್ರ ರುಚಿ ಇದ್ದದ್ದನ್ನ ಬಿಡಬೇಕಲ್ಲ. ರುಚಿನ ಇಲ್ಲದ್ದು ಬಿಟ್ಟು ತ್ಯಾಗ ಮಾಡಿದೆ ಅಂದ್ರ ಯಾರು ನಂಬ್ಯಾರು.” ನೀನು ಸಣ್ಣವಳಿದ್ದಾಗಿನಿಂದ ಹೀಗೆಯೇ. ಪ್ರಶ್ನೆ ಕೇಳಿ ನೀನು ನಿದ್ದೆ ಹೋಗುತ್ತೀ, ಉತ್ತರ ಹುಡುಕುತ್ತ ನಾನು ಎದ್ದಿರಬೇಕು.

ನಿನಗೆ ಗೊತ್ತಿಲ್ಲದ ಸಂಗತಿ ಎಂದರೆ, ಈ ಪ್ರಶ್ನೆಯ ಮೇಲೆ ನಾನು ಆಗಲೇ ಯುದ್ಧ ಹೂಡಿದ್ದೆ. ಕಳೆದ ಆಷಾಢದಲ್ಲಿ ಇಲ್ಲಿನ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲಿ ಜಾಳಿಗೆಯ ಚೀಲದಲ್ಲಿ ಬಟಾಟಿ ತೂಗುಹಾಕಿದ್ದರು. ಮೇಲೆ ಬಂಗಾರದ ಅಕ್ಷರದಲ್ಲಿ ‘ಪ್ರೀಮಿಯಂ, ಹೊಸ ಬೆಳೆ’ ಎಂದಿತ್ತು. ಎಲ್ಲ ಒಂದೇ ಅಳತೆ, ಎಲ್ಲ ತೊಳೆದು ಒರೆಸಿದವು, ಗೋಲಿ ಆಡುವವರು ಆರಿಸಿದಂತೆ. ಮನೆಗೆ ತಂದು ಬೇಯಿಸಿ ತಿಂದರೆ ಹಸಿ ನೀರನ್ನು ಅಗಿದ ಹಾಗಾಯಿತು. ಕೂಡಲೇ ಅಂಗಡಿಗೆ ಮರಳಿ ಹೋದೆ. ಕೋರ್ಟಿನ ಕಚೇರಿಯಲ್ಲಿ ಜೀವಮಾನವೆಲ್ಲ ಇನ್ನೊಬ್ಬರ ತಕರಾರು ಬರೆದುಕೊಂಡವನು ನನ್ನದೊಂದು ತಕರಾರನ್ನು ನುಂಗಿಕೊಳ್ಳಬೇಕೆ? ಅಲ್ಲಿದ್ದವಳು ಪೂನಮ್ ಎಂಬ ಹುಡುಗಿ, ಹೆಸರು ಎದೆಯ ಮೇಲಿನ ಪಟ್ಟಿಯಲ್ಲೇ ಇತ್ತು. ಹೊಸದು ಎಂದರೆ ಯಾವಾಗಿನ ಹೊಸದು ಎಂದು ಕೇಳಿದೆ. ಅವಳು ಬಹಳ ಸಮಾಧಾನದಿಂದ, “ಕಾಕಾ, ಬೆಳಿ ಯಾವಾಗಿಂದೋ ನನಗೇನ ಗೊತ್ತ್ರಿ? ಪ್ಯಾಕೆಟ್ ಮಾತ್ರ ಹೊಸಾದ ಐತ್ರಿ” ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಕಾಲದ ಮೇಲೆ. ಮಣ್ಣಿನ ವಾಸನೆಯನ್ನು ತೊಳೆದು ಚರಂಡಿಗೆ ಬಿಟ್ಟು, ಉಳಿದದ್ದಕ್ಕೆ ಬಂಗಾರದ ಹೆಸರು ಕೊಡುವ ಕಾಲ ಇದು. ಪತ್ರಿಕೆಗೆ ಬರೆದೆ. ನಾನು ಬರೆದ ಉದ್ದ ಪತ್ರದಲ್ಲಿ ಅವರು ಬಾಲವನ್ನಷ್ಟೇ ಅಚ್ಚು ಹಾಕಿದರು, ಅದೂ ಕೆರೆಯ ಹೂಳಿನ ಬಗ್ಗೆ ಇನ್ನಾರೋ ಬರೆದದ್ದರ ಕೆಳಗೆ.

ಅಂದೇ ಮನೆಯಲ್ಲಿ ಸಾರಿಬಿಟ್ಟೆ: ನಾಲಿಗೆ ಒಪ್ಪುವ ಹೊಸ ಬಟಾಟಿ ಸಿಗುವವರೆಗೆ ಬಟಾಟಿ ಈ ಹೊಸ್ತಿಲು ದಾಟಕೂಡದು. ನಿನ್ನ ವೈನಿ ತಲೆ ಎತ್ತದೆ, “ಆತ ಬಿಡ್ರಿ, ಸುಲಿಯೂ ಕೆಲಸ ಒಂದು ತಪ್ಪಿತು” ಅಂದಳು. ನಾನು ಆಡಿದ ಮಾತಿಗೆ ತಪ್ಪಲಿಲ್ಲ. ಬನಹಟ್ಟಿಯ ಮದುವೆಯಲ್ಲಿ ಬಟಾಟಿ ಭಾಜಿಯನ್ನು ಎಲೆಯ ಅಂಚಿಗೆ ಸರಿಸಿದೆ. ಮುಧೋಳದ ಹೋಟೆಲಿನಲ್ಲಿ ದೋಸೆಯೊಳಗಿನ ಪಲ್ಯ ತೆಗೆಸಿ ತಂದುಕೊಡು ಎಂದಾಗ ಮಾಣಿ ನನ್ನನ್ನು ಡಾಕ್ಟರರ ಪಥ್ಯದಲ್ಲಿದ್ದವನೆಂದು ತಿಳಿದು ದೋಸೆಗೆ ಉಪ್ಪೂ ಇಲ್ಲದ ಚಟ್ನಿ ಕೊಟ್ಟ. ಅದನ್ನೂ ತಿಂದೆ.

ಹೀಗಿರುವಾಗ ನಿನ್ನ ಕಾಗದ ಬಂತು. ಈಗ ನನ್ನ ಸಿಟ್ಟಿಗೆ ಒಂದು ಕೆಲಸ ಸಿಕ್ಕಿತು. ನಿನಗೆ ಉತ್ತರ ಕೊಡಬೇಕಾದರೆ ಮೊದಲಿನ ರುಚಿ ಏನಿತ್ತು ಎಂಬುದು ನೆನಪಾಗಬೇಕಲ್ಲ. ಕಟ್ಟೆಯ ಬಿಸಿಲಲ್ಲಿ ಕಣ್ಣು ಮುಚ್ಚಿ ಕುಳಿತೆ. ನಿನಗೆ ನೆನಪಿದೆಯೆ, ಹೊಳೆ ಇಳಿದ ಮೇಲೆ ಹೊಳಬಸಪ್ಪನ ಹೊಲ ನೀರಿನಿಂದ ಎದ್ದು ಬರುತ್ತಿದ್ದದ್ದು? ಕಪ್ಪು ಮೆಕ್ಕಲು, ಇಟ್ಟ ಹೆಜ್ಜೆ ಕಾಲಿನ ಬೆರಳು ಸಹಿತ ಅಚ್ಚಾಗುತ್ತಿತ್ತು. ಆ ಮಣ್ಣಿನಲ್ಲಿ ಅವನು ಬಟಾಟಿ ಹಚ್ಚುತ್ತಿದ್ದ. ನಮ್ಮ ಅವ್ವ ಆಷಾಢ ಹಿಡಿದ ಮೇಲೆ ಬಟಾಟಿ ಮನೆಯೊಳಗೆ ತರುತ್ತಿರಲಿಲ್ಲ. ನಾಲ್ಕು ತಿಂಗಳ ಚಾತುರ್ಮಾಸ ಮುಗಿದು ಕಾರ್ತಿಕದ ಹುಣ್ಣಿಮೆ ಕಳೆದರೂ, “ಮೊಳಕಿ ಬಂದ ಮುದುಕರನ್ನ ಬೇಸಿ ತಿನ್ನೂದು ಬ್ಯಾಡ, ಹೊಳಬಸಪ್ಪನ ಕೂಸು ಬರ್ಲಿ ತಡೀರಿ” ಅನ್ನುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅವನು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ. ಬುಟ್ಟಿಯ ಮುಂದೆ ಅದರ ವಾಸನೆ ಬರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಸಿಪ್ಪೆ ಹಾವಿನ ಪೊರೆಯಂತೆ ಜಾರುತ್ತಿತ್ತು. ಅವ್ವ ಒಲೆಯ ಬಿಸಿ ಬೂದಿಯಲ್ಲಿ ಹುಗಿದು, ಬೆಂದ ಮೇಲೆ ಒಂದೇ ತಾಟಿನಲ್ಲಿ ನಮ್ಮಿಬ್ಬರ ನಡುವೆ ಸುರಿಯುತ್ತಿದ್ದಳು, ಮಗ್ಗುಲಲ್ಲಿ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಎಮ್ಮೆಯ ಬೆಣ್ಣೆ. ಹೊತ್ತು ಮುಳುಗುವ ಮೊದಲು ಉಣ್ಣಬೇಕು. ಪಡುವಣ ಕಿಟಕಿಯ ಬೆಳಕು ತಾಟಿನ ಮೇಲೆ ಸರಿಯುತ್ತ, ಕೆಂಪಾಗುತ್ತ ಬರುತ್ತಿತ್ತು. ನಾವು ಆ ಬೆಳಕಿನ ಜೊತೆ ಪೈಪೋಟಿ ಮಾಡಿ ತಿನ್ನುತ್ತಿದ್ದೆವು. ಕೊನೆಯ ಒಂದಕ್ಕೆ ಇಬ್ಬರ ಕೈಯೂ ಹೋದರೆ ಅವ್ವ ಅದನ್ನು ಎರಡು ಮಾಡಿ ಕೊಡುತ್ತಿದ್ದಳು. ತ್ರಿಶಲಾ, ಇಂದಿಗೂ ಆ ಉಗಿ ಮುಖಕ್ಕೆ ಬಡಿಯುತ್ತದೆ. ಮನಸ್ಸಿನಲ್ಲಿ ಎಷ್ಟು ಸಲ ಉಂಡರೂ ಆ ತಾಟು ಬರಿದಾಗಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಬಸ್ಸು ಹತ್ತಿ ಗಲಗಲಿಗೆ ಹೋದೆ. ಹೊಳಬಸಪ್ಪನ ಹೊಲ ಹಿನ್ನೀರಿನ ಅಡಿಯಲ್ಲಿದೆ ಎಂದು ನನಗೆ ಗೊತ್ತಿಲ್ಲವೆ? ಗೊತ್ತು. ಆದರೂ ದಂಡೆಯಲ್ಲಿ ನಿಂತು ಅದರ ಬದು ಎಲ್ಲಿತ್ತು ಎಂದು ಬಹಳ ಹೊತ್ತು ಹುಡುಕಿದೆ. ನೀರು ಕದಲುತ್ತಿರಲಿಲ್ಲ. ಬೆಳ್ಳಗಿನ ಒಂದು ಹಕ್ಕಿ ಒಂಟಿಗಾಲಲ್ಲಿ ನಿಂತಿತ್ತು, ಹೊಳಬಸಪ್ಪ ನಮ್ಮಂಥ ಹುಡುಗರಿಂದ ಹೊಲ ಕಾಯಲು ನಿಲ್ಲುತ್ತಿದ್ದ ಜಾಗದಲ್ಲಿಯೇ ಎಂದು ನನಗನಿಸಿತು. ಅವನ ಸೊಸೆ ಸಾತವ್ವ ಈಗ ಮೇಲಿನ ಹೊಸ ಊರಿನಲ್ಲಿದ್ದಾಳೆ, ನಮ್ಮದೇ ಓರಗೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಂದ ಕಾರಣ ಕೇಳಿ ಮೊರವನ್ನೇ ಕೆಳಗಿಟ್ಟು ನಕ್ಕಳು. “ಅಣ್ಣಾರ, ಆ ಹೊಲಾ ಈಗ ಮೊಸಳಿ ಮಾಡಾಕತ್ತೈತಿ. ಬಟಾಟಿ ಬೇಕಂದ್ರ ಅದನ್ನ ಕೇಳಬೇಕ್ರಿ.” ನನ್ನ ಮುಖ ಸಣ್ಣಗಾದದ್ದು ಕಂಡು ದನಿ ಇಳಿಸಿದಳು: “ಹಿತ್ತಲದಾಗ ಒಂದೀಟು ಹಚ್ಚೇನ್ರಿ, ಮಾವನ ನೆನಪಿಗೆ. ಸಂಕ್ರಾಂತಿ ಮುಂದ ಬರ್ರಿ, ಬರಿಗೈಲೆ ಕಳಸಂಗಿಲ್ಲ. ತ್ರಿಶಲಕ್ಕ ಆರಾಮ ಅದಾಳ?” ನೀನು ಆರಾಮ ಇದ್ದೀ ಎಂದೆ. ನಿಯಮದ ವಿಷಯ ಹೇಳಲಿಲ್ಲ.

ಭೋಗಿಯ ಹಿಂದಿನ ದಿನ ಮತ್ತೆ ಹೋಗಿ, ಸಾತವ್ವ ಕಟ್ಟಿಕೊಟ್ಟ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಸಣ್ಣವು, ಸೊಟ್ಟವು, ಕಣ್ಣಿನಲ್ಲಿ ಮಣ್ಣು ಹಿಡಿದುಕೊಂಡವು. ನಿನ್ನ ವೈನಿಯ ಕೈಗೆ ಗಂಟು ಕೊಟ್ಟು ಕಟ್ಟೆಯ ಮೇಲೆ ಕುಳಿತೆ, ಸಂಕ್ರಾಂತಿಯನ್ನು ಕಾಯುತ್ತ. ಹಬ್ಬದ ಸಂಜೆ ಅವಳು ಬೇಯಿಸಿ, ಸಿಪ್ಪೆ ತೆಗೆದು, ಉಪ್ಪು ಸವರಿ ತಾಟಿಗೆ ಹಾಕಿದಳು. ಹಿಂಡಿ, ಬೆಣ್ಣೆ ಎಲ್ಲ ಮೊದಲಿನಂತೆ. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಒಂದನ್ನು ಬೆರಳಿನಿಂದ ಒಡೆದೆ. ಉಗಿ ಎದ್ದಿತು. ಬಾಯಿಗೆ ಹಾಕಿಕೊಂಡೆ. ಹಾಗೇ ಇತ್ತು, ತಂಗೀ. ನಾಲಿಗೆಯ ಮೇಲೆ ಹಿಟ್ಟಾಗಿ ಒಡೆಯುವ ಆ ಗುಣ, ಆಮೇಲೆ ಬರುವ ಆ ಸಣ್ಣ ಸಿಹಿ, ಎಲ್ಲ. ಗೋಡೆ ಹಿಂದಕ್ಕೆ ಸರಿದು ಹೊಳೆ ಮನೆಯೊಳಗೆ ಬಂದ ಹಾಗಾಯಿತು. ನಡುಮನೆಯಲ್ಲಿ ಅವ್ವನ ಬಳೆಯ ಸದ್ದು ಕೇಳಿಸಿತು ಎಂದರೆ ನೀನು ನಗುತ್ತೀ. ತಾಟಿನ ಆಚೆ ಬದಿಯಲ್ಲಿ ನಿನ್ನ ಕೈ ಬರುತ್ತದೆಂದು ನಾನು ಕೊನೆಯದನ್ನು ತಿನ್ನದೆ ಬಹಳ ಹೊತ್ತು ಕುಳಿತಿದ್ದೆ. ನಿನ್ನ ವೈನಿ ಬಂದು, “ಹೊತ್ತು ಮುಣಗತೈತಿ, ಏಳ್ರಿ” ಎಂದು ತಾಟು ಎತ್ತಿಕೊಂಡು ಹೋದಳು.

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ತೀರ್ಪು ಬರೆದುಕೋ. ಅಂಗಡಿಯ ಬಂಗಾರದ ಅಕ್ಷರದ ಬಟಾಟಿ ಸತ್ತಿದೆ. ಗಲಗಲಿಯ ಮಣ್ಣು ಸಾತವ್ವನ ಹಿತ್ತಿಲಿನಲ್ಲಾದರೂ ಬದುಕಿದೆ. ಗುಟ್ಟು ಮಣ್ಣಿನದು, ಬೇರೆ ಯಾವುದರದೂ ಅಲ್ಲ. ಇದನ್ನು ಪತ್ರಿಕೆಗೂ ಬರೆಯುವವನಿದ್ದೇನೆ, ಈ ಸಲ ಅವರು ಬಾಲ ಕತ್ತರಿಸಿದರೆ ತಲೆಯಾದರೂ ಉಳಿಯುವಂತೆ.

ನಿನ್ನ ನಿಯಮಕ್ಕೆ ನಾನು ಅಡ್ಡ ಬರುವವನಲ್ಲ. ಅವ್ವ ಇದ್ದಿದ್ದರೆ ನಿನ್ನ ಹಣೆ ನೇವರಿಸುತ್ತಿದ್ದಳು. ಆದರೂ ಒಂದು ಮಾತು. ನೀನು ಇನ್ನು ಈ ಮನೆಗೆ ಬಂದರೆ ನಿನ್ನ ಪಾತ್ರೆ, ನಿನ್ನ ಒಲೆ, ನಿನ್ನ ನೀರು ಬೇರೆ. ನಾನು ಇಲ್ಲಿ ಉಣ್ಣುವಾಗ ನೀನು ಅಲ್ಲಿ ಕುಳಿತಿರುತ್ತೀ. ಹುಟ್ಟಿದಾಗಿನಿಂದ ನಿನ್ನ ಜೊತೆ ಉಂಡವನಿಗೆ ಇದು ಹೇಗಿರುತ್ತದೆ ಎಂದು ಈಗಲೇ ಊಹಿಸಿಕೊಳ್ಳುತ್ತ ಕೂರುವುದು ಒಳ್ಳೆಯದಲ್ಲ ಎಂದು ನಿನ್ನ ವೈನಿ ಹೇಳಿದಳು. ಅದಕ್ಕೇ ಬರೆಯುತ್ತಿಲ್ಲ.

ಲಕೋಟೆಯಲ್ಲಿ ಕುಸುರೆಳ್ಳು ಇಟ್ಟಿದ್ದೇನೆ, ಅಂಚೆಯವರ ಮುದ್ರೆಯ ಏಟಿಗೆ ಪುಡಿಯಾಗಿದ್ದರೂ ಸಿಹಿಯಾಗಿಯೇ ಇರುತ್ತದೆ. ಮಗಳಿಗೆ, ಅಳಿಯಂದಿರಿಗೆ ನಮ್ಮಿಬ್ಬರ ಹಾರೈಕೆ ತಿಳಿಸು. ನಿನ್ನ ಮೊಣಕಾಲಿಗೆ ಎಳ್ಳೆಣ್ಣೆ, ನಿನ್ನ ತಲೆಯ ಮೇಲೆ ನನ್ನ ಕೈ.

ಎಂದೆಂದಿಗೂ ನಿನ್ನ
ಅನಂತಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ನಿನ್ನ ವೈನಿಗೆ ಓದಿ ಹೇಳಿದೆ. ಗಲಗಲಿಯ ಮಣ್ಣಿನ ಗುಟ್ಟಿಗೆ ಬಂದಾಗ ಅವಳು ನಗತೊಡಗಿದಳು. “ನೀವು ತಿಂದದ್ದು ಸಾತವ್ವಂದಲ್ಲರಿ. ಅವು ತ್ರಿಶಲಾಗ ಇರ್ಲಿ ಅಂತ ಬುಟ್ಟಿ ಮರಳಾಗ ಹುಗದಿಟ್ಟೇನಿ. ನಿಮಗ ಹಾಕಿದ್ದು ಅದ ಅಂಗಡಿಯಿಂದ ಮೊನ್ನೆ ತರಿಸಿದ ಪ್ಯಾಕೆಟಿಂದು. ಆಷಾಢದಿಂದ ಸಂಕ್ರಾಂತಿ ತನಕಾ ಸಿಟ್ಟಿನ್ಯಾಗ ಚಾತುರ್ಮಾಸ ಮಾಡಿ ಕುಂತಿದ್ರಿ, ಕಲ್ಲ ಬೇಸಿ ಹಾಕಿದ್ರೂ ರುಚಿ ಹತ್ತತಿತ್ತು.” ಹೋಗಿ ಬುಟ್ಟಿ ನೋಡಿದೆ. ಮರಳಿನಲ್ಲಿ ಎಲ್ಲ ಹಾಗೇ ಇವೆ. ತ್ರಿಶಲಾ, ಗುಟ್ಟು ಹೊಳಬಸಪ್ಪನ ಮಣ್ಣಿನದಲ್ಲ, ನಮ್ಮನ್ನು ಕಾಯಿಸುತ್ತಿದ್ದ ಅವ್ವನದು. ಮೇಲಿನದನ್ನು ಹೊಡೆದು ಬರೆಯಲು ಹೊತ್ತಿಲ್ಲ, ಅಂಚೆ ಡಬ್ಬಿ ತೆಗೆಯುವ ಸಮಯವಾಯಿತು. ರುಚಿ ಎಲ್ಲಿಯೂ ಹೋಗಿಲ್ಲ, ನೀನು ಬಿಡುವುದು ನಿಜವಾಗಿಯೂ ಬಿಡುವಂಥದ್ದೇ. ಇಂದಿನಿಂದ ನೀನು ಬರುವವರೆಗೆ ನಾನು ಬಟಾಟಿ ಮತ್ತೆ ಮುಟ್ಟುವುದಿಲ್ಲ, ಈ ಸಲ ಸಿಟ್ಟಿನಿಂದಲ್ಲ. ನೀನೂ ಅಲ್ಲಿ ಮುಟ್ಟಬೇಡ. ಪರ್ವಕ್ಕೆ ಮೊದಲು ಒಂದು ಸಂಜೆ ಬಾ, ಬಿಸಿಲಿರುವಾಗಲೇ ಒಂದೇ ತಾಟಿನಲ್ಲಿ ಉಣ್ಣೋಣ. ಕೊನೆಯದನ್ನು ಎರಡು ಮಾಡಿ ಕೊಡುವವರು ಈಗ ಇಲ್ಲ, ಅದು ಪೂರ್ತಿ ನಿನಗೇ ಇರಲಿ.