ಮಂಗಳಾರತಿಗೆ ಬಾಯಿ ಮುಚ್ಚಿಸಿದ ಕಾವಲುಗಳು

ಮೂರುಕೆರೆ,
ನೀರ್ಕಾವಲಿನ ನೂರ ಹನ್ನೊಂದನೆಯ ವರ್ಷ,
ಭಾದ್ರಪದ ಬಹುಳ ತ್ರಯೋದಶಿ, ಎರಡನೆಯ ಗುರುವಾರ.

ಮೂರುಕೆರೆ ನೀರು ಸರಬರಾಜು ಮಂಡಳಿಯ ಮಾಹಿತಿ ಭದ್ರತಾ ವಿಭಾಗದ ಮುಖ್ಯಸ್ಥರಾದ ಹಾಲೇಶಪ್ಪನವರಿಗೆ,

ಹೌದು, ನಮ್ಮ ವಾರದಲ್ಲಿ ಗುರುವಾರ ಎರಡು. ಅದು ಹೇಗೆಂದು ವಿವರಿಸುತ್ತಾ ಕೂತರೆ ನೀವು ಅದನ್ನೇ ನೆಪ ಮಾಡಿಕೊಂಡು ಮುಂದಿನದನ್ನು ಓದದೆ ಬಿಡುತ್ತೀರಿ. ನೆಪ ಹುಡುಕುವುದರಲ್ಲಿ ನೀವು ಎಂಥ ಗಟ್ಟಿಗರೆಂದು ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮದೇ ಮಂಡಳಿಯ ಹಳೆಯ ಕಡತಗಳಿಂದ ಕಲಿತೆ. ಅಲ್ಲಿ ಇಲ್ಲಿ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ, ಮುಂದೆ ಬರುವ ಯಾವ ಮಾತಿಗೂ ಕೇಳುವುದಿಲ್ಲ.

ನನ್ನ ಹೆಸರು ದುರುಗಮ್ಮ. ನಿಮ್ಮ ಮೊಮ್ಮಗ ತೇಜಸ್ ಇದ್ದಾನಲ್ಲ, ಈಗ ಮೂರನೇ ಕ್ಲಾಸಿನಲ್ಲಿ ಇರಬೇಕು, ಅವನು ನನ್ನ ಮುತ್ತಜ್ಜ. ಅವನ ತಂಗಿ ಇಂಚರ, ನಿಮ್ಮ ತೊಡೆಯ ಮೇಲೆ ಕೂತು ನಿಮ್ಮ ಕನ್ನಡಕ ಕಸಿಯುವ ಆ ಆರು ವರ್ಷದ ಕೂಸು, ನಮಗೆ ಯಾರೂ ಆಗಲಿಲ್ಲ. ಆಗುವಷ್ಟು ದಿನ ಅವಳು ಬದುಕಲಿಲ್ಲ. ಈ ಪತ್ರ ಅವಳಿಗಾಗಿ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಆಗಿಹೋದ ಕಾಲಕ್ಕೆ ಪತ್ರ ಒಯ್ಯುವ ಅಂಚೆ ಅದು, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಎಷ್ಟೋ ಜನ ತಮ್ಮ ಅಜ್ಜಿಗೆ ನಾಲ್ಕು ಪ್ರೀತಿಯ ಮಾತು ಬರೆದು ಅದನ್ನು ಮುಗಿಸುತ್ತಾರೆ. ನನ್ನದು ನಿಮ್ಮಂಥವರ ಪಾಲಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ನಿಮ್ಮ ಕಂಪ್ಯೂಟರ್ ಕೋಣೆಯ ವಿಷಯಕ್ಕೆ ಬರುತ್ತೇನೆ. ನೀರಿಗೆ ಔಷಧಿ ಬೆರೆಸುವ ಯಂತ್ರಗಳನ್ನು ಕಳ್ಳರಿಂದ ಕಾಯಲೆಂದು ನೀವುಗಳು ಎಷ್ಟು ಕಾವಲು ತಂದು ಗುಡ್ಡೆ ಹಾಕಿದ್ದೀರಿ ಎಂದು ನಿಮಗೇ ಗೊತ್ತಿಲ್ಲ. ಫೈರ್‌ವಾಲ್ ತಂದದ್ದು ಚೀಫ್ ಇಂಜಿನಿಯರರ ಷಡ್ಡಕನ ಕಂಪನಿ. ಅದು ಚೆನ್ನಾಗಿಯೇ ಇತ್ತು, ಆದರೂ ಹೊಸ ಅಧ್ಯಕ್ಷರು ಬಂದ ಮೇಲೆ ಅವರ ಕಡೆಯವರದ್ದೂ ಒಂದು ಬಂತು. ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್, ಒಂದು ಇನ್ನೊಂದನ್ನೇ ಕಳ್ಳ ಎಂದು ಹಿಡಿಯುತ್ತಿತ್ತು. ಎಲ್ಲ ಕಾವಲುಗಳೂ ಕೂಗಿ ಕೂಗಿ ತಲೆ ಚಿಟ್ಟು ಹಿಡಿದಾಗ, ಆ ಕೂಗುಗಳನ್ನೆಲ್ಲ ಒಟ್ಟುಗೂಡಿಸಿ ತೋರಿಸಲು ಮತ್ತೊಂದನ್ನು ಕೊಂಡಿರಿ. ಅದೂ ಕೂಗತೊಡಗಿತು. ಹಳೆಯದನ್ನು ತೆಗೆಯೋಣ ಎಂದು ಯಾರೂ ಬಾಯಿ ಬಿಡಲಿಲ್ಲ, ಏಕೆಂದರೆ ಒಂದೊಂದರ ಹಿಂದೆಯೂ ಒಬ್ಬೊಬ್ಬ ಸಾಹೇಬರು. ತೆಗೆದರೆ ಅವರಿಗೆ ಬೇಜಾರು. ಥೂ, ಊರಿನ ಕುಡಿಯುವ ನೀರಿಗಿಂತ ಸಾಹೇಬರ ಬೇಜಾರು ದೊಡ್ಡದಾಯಿತೇ ನಿಮಗೆ? ದೀಪಾವಳಿಗೆ ಒಬ್ಬೊಬ್ಬ ಮಾರಾಟಗಾರನೂ ಒಂದೊಂದು ಗೋಡೆ ಗಡಿಯಾರ ಕಳಿಸುತ್ತಿದ್ದನಂತೆ. ಅವೆಲ್ಲ ಒಂದೇ ಕೋಣೆಯಲ್ಲಿ ನೇತಾಡುತ್ತಿದ್ದವು, ಒಂದರ ಟೈಮಿಗೂ ಇನ್ನೊಂದರ ಟೈಮಿಗೂ ತಾಳೆಯಿರಲಿಲ್ಲ.

ನೀವು ದಡ್ಡರಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನೀವು ದಡ್ಡರಲ್ಲ, ಅದೇ ನನ್ನ ಸಿಟ್ಟು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಿತ್ತು ಹಾಕಬೇಕು, ಉಳಿದವಕ್ಕೆ ಯಾರು ಜವಾಬ್ದಾರಿ ಎಂದು ನೀವೇ ಸ್ವಂತ ಕೈಯಿಂದ ಒಂದು ಟಿಪ್ಪಣಿ ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಮೂಲೆಯಲ್ಲಿರುವ ಆ ಹಳೆಯ ಕಾವಲು ಯಂತ್ರದ ಪೆಟ್ಟಿಗೆಯ ವಿಷಯವೂ ಅದರಲ್ಲಿದೆ. ಅದನ್ನು ತಂದ ಸಾಹೇಬರು ನಿವೃತ್ತರಾಗಿ ಹೋದರು, ಅದರ ಕರಾರು ಮುಗಿಯಿತು. ಆದರೆ ರಿಪೇರಿಗೆಂದು ಆ ಕಂಪನಿಯವರು ದೂರದಿಂದ ಒಳಗೆ ಬರಲು ಇಟ್ಟುಕೊಂಡ ದಾರಿ ಇನ್ನೂ ತೆರೆದೇ ಇದೆ. ಇಷ್ಟೆಲ್ಲ ಬರೆದು ಆ ಟಿಪ್ಪಣಿಯನ್ನು ಡ್ರಾಯರಿನಲ್ಲಿ ಇಟ್ಟು, ಮೇಲೊಂದು ಟವೆಲ್ ಹೊದಿಸಿದ್ದೀರಿ. ಯಾರಾದರೂ ಕೇಳಿದರೆ ನಿಮ್ಮದು ಒಂದೇ ಮಾತು: "ಇರ್ಲಿ ಬಿಡ್ರಿ, ಒಂದು ನೋಡದಿದ್ರೆ ಇನ್ನೊಂದು ನೋಡ್ಕೊಳ್ತತಿ."

ಈಗ ಬರುವ ಆಯುಧಪೂಜೆಯ ದಿನ ಏನಾಗುತ್ತದೆಂದು ಹೇಳುತ್ತೇನೆ. ತೇಜಸ್ ಅಲ್ಲೇ ಇದ್ದ, ಸಾಯುವವರೆಗೂ ಅದನ್ನೇ ಹೇಳುತ್ತಿದ್ದ. ನೀವು ಮಕ್ಕಳಿಬ್ಬರನ್ನೂ ಆಫೀಸಿಗೆ ಕರೆದೊಯ್ಯುತ್ತೀರಿ. ಇಂಚರ ಹಸಿರು ಲಂಗ ಉಟ್ಟು ಎಲ್ಲರಿಗೂ ಮಂಡಕ್ಕಿ ಹಂಚುತ್ತಾಳೆ. ಪರದೆಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಸರಿಯಾಗಿ ಮಂಗಳಾರತಿಯ ಹೊತ್ತಿಗೆ ಒಂದು ಯಂತ್ರ ಕೂಗಲು ಶುರು ಮಾಡುತ್ತದೆ, ಅದರ ಹಿಂದೆ ಮತ್ತೊಂದು. "ಏ, ಅದ್ರ ಬಾಯಿ ಮುಚ್ಸ್ರಪ್ಪಾ, ಆರತಿ ಟೈಮು" ಎನ್ನುತ್ತಾರೆ ಅಧ್ಯಕ್ಷರು. ಆಗ ಒಬ್ಬೊಬ್ಬ ಅಧಿಕಾರಿಯೂ ತನ್ನ ತನ್ನ ಕಾವಲಿನ ದನಿ ಬಂದ್ ಮಾಡುತ್ತಾನೆ, ಪಕ್ಕದವನದ್ದು ಕೂಗುತ್ತಿರುತ್ತದಲ್ಲ ಎಂಬ ಧೈರ್ಯದಲ್ಲಿ. ಕೊನೆಯದು ನಿಮ್ಮದು. ಇಂಚರ ನಿಮ್ಮ ಪಂಚೆ ಜಗ್ಗಿ, "ಅಜ್ಜಾ, ಅದು ಇನ್ನಾ ಕೂಗಕ್ಕತ್ತೈತಿ" ಎನ್ನುತ್ತಾಳೆ. ನೀವು ಅವಳ ಕೆನ್ನೆ ಹಿಂಡಿ, ನಕ್ಕು, ಗುಂಡಿ ಒತ್ತುತ್ತೀರಿ.

ಪೂಜೆ ಮಾಡಿದ ಆಯುಧವನ್ನು ಹಬ್ಬ ಮುಗಿಯುವ ತನಕ ಮುಟ್ಟಬಾರದೆಂದು ಹಾರಗಳನ್ನೂ ತೆಗೆಯಲಿಲ್ಲ. ಹೂವಿನ ಹಿಂದೆ ಪರದೆಯಲ್ಲಿ ಕೆಂಪು ಅಕ್ಷರಗಳು ಮಿನುಗುತ್ತಲೇ ಇದ್ದವು. ಕಳ್ಳರು ಬಂದದ್ದು ಆ ಹಳೆಯ ಪೆಟ್ಟಿಗೆಯ ದಾರಿಯಿಂದ. ನೀರಿಗೆ ಕ್ಲೋರಿನ್ ಹೋಗುವುದನ್ನು ನಿಲ್ಲಿಸಿದರು, ಮೀಟರಿನಲ್ಲಿ ಮಾತ್ರ ಎಲ್ಲ ಸರಿ ಇದೆ ಎಂದು ತೋರಿಸಿದರು. ಬನ್ನಿ ಹಂಚಿ ನೀವೆಲ್ಲ "ಬಂಗಾರದಂಗ ಇರೋಣ" ಎಂದು ತಬ್ಬಿಕೊಳ್ಳುವಾಗ ಊರಿನ ಅರ್ಧ ಮನೆಗಳಲ್ಲಿ ವಾಂತಿಭೇದಿ ಹಿಡಿದಿತ್ತು. ಇಂಚರ ಆಸ್ಪತ್ರೆಯಲ್ಲಿ ನೀರು ನೀರು ಎಂದು ಕೇಳುತ್ತಲೇ ಹೋದಳು. ನಿಮ್ಮ ಕಾವಲುಗಳು ಕೂಗಲಿಲ್ಲ ಎಂದಲ್ಲ, ಕೂಗಿದವು. ಕೇಳುವವರು ಯಾರು ಎಂಬುದನ್ನು ಮಾತ್ರ ನೀವು ಯಾರೂ ಗೊತ್ತು ಮಾಡಿರಲಿಲ್ಲ.

ಆಮೇಲೆ ನೀವು ಏನು ಮಾಡಿದಿರಿ ಗೊತ್ತೇ? ಡ್ರಾಯರಿನಿಂದ ಟಿಪ್ಪಣಿ ತೆಗೆದು ಬಂದವರಿಗೆಲ್ಲ ತೋರಿಸಿದಿರಿ. "ನಾನು ಆವತ್ತೇ ಬರ್ದಿದ್ದೆ ನೋಡ್ರಿ" ಎಂದಿರಿ. ತೊಂಬತ್ತು ದಾಟುವವರೆಗೆ ಬದುಕಿದಿರಿ, ಅಷ್ಟೂ ಕಾಲ ಅದನ್ನೇ ಹೇಳಿದಿರಿ. ನಿಮ್ಮ ಸೊಸೆ ಒಂದು ದಿನವೂ ನಿಮಗೆ ಎದುರು ಮಾತಾಡಲಿಲ್ಲವಂತೆ. ಊಟ ಬಡಿಸಿ, ನೀರು ಮಾತ್ರ ನೀವೇ ತಗೊಳ್ಳಿ ಎಂದು ಒಳಗೆ ಹೋಗುತ್ತಿದ್ದಳಂತೆ.

ನಿಮ್ಮ ನಂತರದವರೇನೂ ಸಾಚಾ ಅಲ್ಲ. ಎಲ್ಲ ಕಿತ್ತು ಹಾಕಿ ಒಬ್ಬನೇ ಮಾರಾಟಗಾರನ ಕೈಗೆ ಇಡೀ ಊರಿನ ಕೀಲಿ ಕೊಟ್ಟು, ಅವನು ಕುಣಿಸಿದಂತೆ ಕುಣಿದರು. ಬುದ್ಧಿ ಬರಲು ಇನ್ನೊಂದು ತಲೆಮಾರು ಬೇಕಾಯಿತು. ಈಗ ನಮ್ಮ ನೀರ್ಮನೆಗೆ ಇರುವುದು ಒಂದೇ ಕಾವಲು. ಅದಕ್ಕೆ ಒಂದುಗಣ್ಣು ಎನ್ನುತ್ತೇವೆ. ಅದರ ಕೀಲಿ ಮಂಡಳಿಯ ಬಳಿಯೊಂದು, ಊರ ಸಭೆಯ ಬಳಿಯೊಂದು, ಮಾಡಿದವರ ಬಳಿಯೊಂದು. ಯಾರೊಬ್ಬರೂ ಒಂಟಿಯಾಗಿ ತೆರೆಯುವಂತಿಲ್ಲ, ಬೇಡವಾದಾಗ ಮಾಡಿದವರನ್ನು ಕಳಿಸಿ ಬೇರೆಯವರನ್ನು ಕರೆಯಬಹುದು. ನಾನು ಅಲ್ಲಿ ಕೇಳುಗಿತ್ತಿ, ಅಂದರೆ ಅದು ಕೂಗಿದಾಗ ಕೇಳಬೇಕಾದವಳು. ಬಾಗಿಲ ಮೇಲೆ ನನ್ನ ಹೆಸರಿದೆ. ನಾನು ಬಾಯಿಬಿಟ್ಟು "ಕೇಳಿದೆ" ಎಂದು ಹೇಳಿ, ಯಾಕೆ ಕೂಗಿತೆಂದು ನೋಡುವವರೆಗೆ ಅದು ಸುಮ್ಮನಾಗುವುದಿಲ್ಲ. ದನಿ ಬಂದ್ ಮಾಡುವ ಗುಂಡಿಯನ್ನೇ ನಾವು ಇಟ್ಟಿಲ್ಲ. ಹೊಸ ಕಾವಲು ತರಬೇಕೆಂದರೆ ಹಳೆಯದನ್ನು ತಂದವರೇ ಬಂದು ತಮ್ಮ ಕೈಯಿಂದ ಅದನ್ನು ದೀಪದಂತೆ ಆರಿಸಿ ತೆಗೆಯಬೇಕು. ಆ ದಿನ ನಮಗೆ ಆರಿಸುವ ಹಬ್ಬ, ಹೋಳಿಗೆ ಮಾಡುತ್ತೇವೆ. ಕೊಂಡ ದಿನ ಹಬ್ಬ ಮಾಡುವ ನಿಮಗೆ ಇದು ತಮಾಷೆ ಎನಿಸಬಹುದು. ನಮ್ಮ ಮಕ್ಕಳು ಬೀದಿಯ ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಾರೆ, ಅಂಗಿ ತೋಯಿಸಿಕೊಂಡರು ಎಂದಷ್ಟೇ ತಾಯಂದಿರು ಬೈಯುತ್ತಾರೆ.

ಈ ಪತ್ರ ಸಿಗುವಾಗ ನಿಮ್ಮಲ್ಲೂ ಪಿತೃಪಕ್ಷ ನಡೆಯುತ್ತಿರುತ್ತದೆ. ಅಮಾವಾಸ್ಯೆಯ ಮರುದಿನ ಮಂಡಳಿಯ ಸಭೆ. ಟವೆಲ್ ಸರಿಸಿ ಆ ಟಿಪ್ಪಣಿ ತೆಗೆದು ಸಭೆಯ ಮುಂದೆ ಇಡಿ. ಚೀಫ್ ಇಂಜಿನಿಯರ್ ಮೂಗು ಮುರಿಯಲಿ, ಅಧ್ಯಕ್ಷರು ಮುಖ ಊದಿಸಿಕೊಳ್ಳಲಿ, ಬೇಕಾದರೆ ನಿಮ್ಮನ್ನು ಯಾವುದಾದರೂ ಮೂಲೆಗೆ ವರ್ಗ ಮಾಡಲಿ. ಹಳೆಯ ಪೆಟ್ಟಿಗೆಯ ಪ್ಲಗ್ಗನ್ನು ಮಾತ್ರ ಯಾರ ಅಪ್ಪಣೆಗೂ ಕಾಯದೆ ಅಂದೇ ಕೀಳಿ. ಧೈರ್ಯ ನಿಮಗೆ ಹೊಸದು, ಗೊತ್ತು. ಒಂದು ದಿನದ ಮಟ್ಟಿಗೆ ಎಲ್ಲಿಂದಾದರೂ ಸಾಲ ತನ್ನಿ.

ನಮ್ಮ ಮನೆಯಲ್ಲಿ ನಾಡಿದ್ದು ಎಡೆ ಇಡುತ್ತೇವೆ. ಅಮ್ಮ ಹಿರಿಯರ ಹೆಸರನ್ನು ಒಂದೊಂದಾಗಿ ಕರೆಯುತ್ತಾಳೆ. ನಿಮ್ಮ ಹೆಂಡತಿಯ ಹೆಸರಾದ ಮೇಲೆ ನೇರವಾಗಿ ನಿಮ್ಮ ಮಗನ ಹೆಸರು ಬರುತ್ತದೆ. ನಿಮ್ಮ ಹೆಸರನ್ನು ಈ ಮನೆಯಲ್ಲಿ ಯಾರೂ ಕರೆದಿಲ್ಲ. ಎಲ್ಲ ಮುಗಿದ ಮೇಲೆ ಒಂದು ಕುಡಿಬಾಳೆ ಎಲೆ, ಪಕ್ಕದಲ್ಲಿ ಕಾಸಿ ಆರಿಸಿದ ನೀರಿನ ಪುಟ್ಟ ಲೋಟ. "ಇಂಚರ ಕೂಸೇ, ಬಾರವ್ವ, ನೀರು ಕುಡಿ" ಎಂದು ಕರೆದು ಅಮ್ಮ ಲೋಟವನ್ನು ಎಲೆಯ ಹತ್ತಿರಕ್ಕೆ ಸರಿಸುತ್ತಾಳೆ, ತಾನು ಕಂಡಿಲ್ಲದ ಕೂಸಿಗೆ.

ಹಿಂದಿನದು ಬದಲಾದರೆ ಪತ್ರ ಬರೆದವರಿಗೆ ಮಾತ್ರ ಹಳೆಯದು ನೆನಪಿರುತ್ತದಂತೆ, ಹಿಂದಂಚೆಯವರು ಹೇಳಿದರು. ಕುಡಿ ಎಲೆಯನ್ನು ಇವತ್ತೇ ಕೊಯ್ದು ತಂದಿಟ್ಟಿದ್ದೇನೆ. ನಾಡಿದ್ದು ಅಮ್ಮ ಅದನ್ನು ನೋಡಿ, "ಇದ್ಯಾರಿಗೇ ಇಷ್ಟು ಸಣ್ಣ ಎಲೆ?" ಎಂದು ಕೇಳಬೇಕು. ಇಂಚರಜ್ಜಿ ಎಂದು ಕರೆದು, ಹಣ್ಣುಹಣ್ಣು ಮುದುಕಿಯಾಗಿ ಹೋದವಳಿಗೆ ಎಲ್ಲರಂತೆ ಅಗಲದ ಎಲೆ ಹಾಸಬೇಕು. ನನಗೆ ಬೇಕಾದದ್ದು ಅಷ್ಟೇ. ಹಾಗಾದರೆ, ಉಳಿದ ಆ ಕುಡಿ ಎಲೆಯಲ್ಲಿ ನಿಮಗೂ ಒಂದು ಎಡೆ ಇಟ್ಟು ಹೆಸರು ಹಿಡಿದು ಕರೆಯುತ್ತೇನೆ. ದೊಡ್ಡ ಎಲೆ ಕೇಳಬೇಡಿ.

ಕೇಳುಗಿತ್ತಿ ದುರುಗಮ್ಮ